ಗಿರಿಜಕ್ಕನಿಗೆ ವಿಮಾನದ ಧೈರ್ಯ ಬಂದದ್ದು

ಮಸ್ಕತ್ತಿನ ಶೋಭಾ, ಕಾಲಿನ ಬಾವು ಇಳಿಯಿತಾ? ಕಾಪುವಿನ ದಿನೇಶ, ಬೆನ್ನುನೋವು ಹೇಗುಂಟು? ಉಳಿದವರೂ ಸೌಖ್ಯವೆಂದು ನಂಬಿದ್ದೇನೆ.

ಶೋಭಾಳ ಬಾಣಂತನಕ್ಕೆ ಹೋಗಬೇಕಾದ ಅವಳ ಅಮ್ಮ, ನಮ್ಮ ಗಿರಿಜಕ್ಕ, ವಿಮಾನ ಹತ್ತುವುದೇ ಇಲ್ಲವೆಂದು ಹಟ ಹಿಡಿದಿದ್ದಳಲ್ಲ? ಹೆದರಿಕೆ ಬಿಡಿಸೋಣವೆಂದು ಇವತ್ತು ಪೆರ್ಡೂರಿನಿಂದ ಕರೆಸಿ, ನಾನು ಮನೆಯಲ್ಲಿ ಆಟದ ವಿಮಾನ ಹಾರಿಸುವ ಕಂಪ್ಯೂಟರಿನ ಎದುರು ಕೂರಿಸಿದೆ. ಎತ್ತರ ಓದಿ ಹೇಳಲು ಎಂದಿನಂತೆ ನನ್ನ ಪಕ್ಕದಲ್ಲಿ ಹೆಂಡತಿ ಯಮುನಾ, ಅಲಸಂಡೆ ಮುರಿಯುತ್ತಾ.

"ನೋಡಕ್ಕ, ಎಷ್ಟು ಮೋಡ ಇದ್ದರೂ ಉಪಗ್ರಹ ದಾರಿ ತೋರಿಸುತ್ತದೆ" ಎಂದು ಗತ್ತಿನಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ಇಳಿಸತೊಡಗಿದೆ. ಗತ್ತಿಗಾಗಿ ಮೋಡವನ್ನೂ ಸ್ವಲ್ಪ ಹೆಚ್ಚೇ ಹಾಕಿದ್ದೆ. ನಿಗದಿಯಾದ ಎತ್ತರಕ್ಕೆ ಇಳಿದಾಗಲೂ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಲೇಬೇಕು, ಅದು ನಿಯಮ.

"ಎತ್ತರ ಬಂತು. ರನ್‌ವೇ ಕಾಣುತ್ತದಾ?" ಎಂದಳು ಯಮುನಾ.

"ಕಾಣುವುದಿಲ್ಲ. ಆದರೆ ಅಲ್ಲೇ ಉಂಟು, ನನಗೆ ಗೊತ್ತಿಲ್ವಾ?"

"ಎಂತ ಗೊತ್ತು? ಮೊನ್ನೆ ಕಾರ್ಕಳದಲ್ಲಿ ಮದುವೆ ಹಾಲ್ ಸಹ ಅಲ್ಲೇ ಉಂಟು ಅಂದದ್ದು ನೀವೇ ಅಲ್ವಾ? ತಲುಪುವಾಗ ಎರಡನೇ ಪಂಕ್ತಿಯೂ ಎದ್ದಿತ್ತು. ಮೇಲೆ ಎಬ್ಬಿಸಿ ಮಾರಾಯ್ರೆ!"

ಎಬ್ಬಿಸಿದೆ. ಮರ್ಯಾದೆ ಹೋಯಿತು, ಅಕ್ಕ ಇನ್ನು ಪೆರ್ಡೂರು ಬಸ್ಸನ್ನೇ ಹತ್ತುವುದು ಎಂದುಕೊಂಡೆ.

ಅಕ್ಕ ಕೇಳಿದಳು: "ಆ ವಿಮಾನದಲ್ಲೂ ಪಕ್ಕದಲ್ಲಿ ಹೀಗೆ ಬೈಯುವವರು ಇರ್ತಾರಾ?"

"ಒಬ್ಬರು ಇದ್ದೇ ಇರ್ತಾರೆ."

"ಹಾಗಾದರೆ ನಾನು ಹೋಗ್ತೇನೆ. ಟಿಕೆಟ್ ಮಾಡು."

ಪೈಲಟ್ ಪಕ್ಕದಲ್ಲಿ ಕೂರುವವರೂ ನನ್ನಂಥ ಗಂಡಸೇ ಇರಬಹುದೆಂದು ದಯವಿಟ್ಟು ಯಾರೂ ಅವಳಿಗೆ ಹೇಳಬೇಡಿ. ಶೋಭಾ, ಯಾವ ವಾರ ಬರಬೇಕೆಂದು ಇವತ್ತೇ ಬರೆ, ಅಮ್ಮನ ಮನಸ್ಸು ತಿರುಗುವ ಮೊದಲು.