ಮನಿ ಅಂದರೆ ಫೇಲು

ಆ ರೇಡಿಯೋ ರಿಪೇರಿಯವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೆಟ್ಟವನೇನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು.

ಎಂಬತ್ತರ ದಶಕದ ಮಾತು. ಕಿವಿ ಕೇಳದವರಿಗೆ ಶ್ರವಣಯಂತ್ರ ಹಂಚುವ ಒಂದು ಸಂಸ್ಥೆ ಕೊಪ್ಪಳದಲ್ಲಿ ಬಾಡಿಗೆ ಕೋಣೆ ಹಿಡಿದಿತ್ತು. ಆಗಿನ ಯಂತ್ರವೆಂದರೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ. ಅದನ್ನು ಎದೆಯ ಮೇಲೆ ಸಿಕ್ಕಿಸಿಕೊಂಡು, ವೈರಿನ ತುದಿಯನ್ನು ಕಿವಿಗೆ ಹಾಕಿಕೊಳ್ಳಬೇಕು. ಜನರ ಕೈಗೆ ಕೊಡುವ ಮೊದಲು ಪ್ರತಿಯೊಂದು ಡಬ್ಬಿಯನ್ನೂ ಪರೀಕ್ಷಿಸಬೇಕಿತ್ತು. ಆ ಪರೀಕ್ಷೆಗೆ ಮುಖ್ಯಸ್ಥೆ ನಾನು. ಮೈಸೂರಿಗೆ ಹೋಗಿ ತರಬೇತಿ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಅವನು ನನ್ನ ಕೈಕೆಳಗಿನವನು. ಅವನದು ಗಂಗಾವತಿಯಲ್ಲಿ ರೇಡಿಯೋ ಬಿಚ್ಚಿ ಬಿಚ್ಚಿ ಕಲಿತ ವಿದ್ಯೆ.

ವಾರದಲ್ಲಿ ಒಂದು ದಿನ ಗಂಗಾವತಿ, ಒಂದು ದಿನ ಕುಷ್ಟಗಿ, ಒಂದು ದಿನ ಯಲಬುರ್ಗಾ. ಎಲ್ಲಿ ಹೋದರೂ ಎರಡು ಮೇಜು ಹಾಕುತ್ತಿದ್ದೆವು, ಜನ ಅವನ ಮೇಜಿನ ಮುಂದೆಯೇ ಸಾಲು ಹಚ್ಚುತ್ತಿದ್ದರು. ಅವರಿಗೆ ನಾನು ಮೇಡಂ ಎನ್ನುವಂತೆ ‘ಬಾಯಾರು’, ಅವನು ಮನೆಯವನಂತೆ ‘ತಮ್ಮ’. ಮನೆಯಿಂದ ಕಟ್ಟಿಕೊಂಡು ಬಂದ ಶೇಂಗಾ ಹೋಳಿಗೆಯೂ ಅವನಿಗೇ. “ನಮ್ಮ ಅಕ್ಕಾರಿಗೂ ಕೊಡ್ರಿ” ಎಂದು ಅವನೇ ಹೇಳಿ ನನಗೂ ಕೊಡಿಸುತ್ತಿದ್ದ. ಉರಿದುಕೊಂಡೇ ತಿನ್ನುತ್ತಿದ್ದೆ. ಹೋಳಿಗೆ ಮಾತ್ರ ಚೆನ್ನಾಗಿರುತ್ತಿತ್ತು.

ಕೊನೆಯ ಪರೀಕ್ಷೆ ಮಾತಿನದು. ಕೇಳುವವರಿಗೆ ನಮ್ಮ ತುಟಿ ಕಾಣದಂತೆ ಬೆನ್ನ ಹಿಂದೆ ನಿಂತು, ಪಟ್ಟಿಯಲ್ಲಿರುವ ಪದಗಳನ್ನು ಒಂದೊಂದಾಗಿ ಹೇಳಬೇಕು. ಅವರು ಹಾಗೆಯೇ ತಿರುಗಿ ಹೇಳಬೇಕು. ಸರಿಯಿದ್ದರೆ ಟಿಕ್, ತಪ್ಪಿದ್ದರೆ ಗೀಟು. ಗೀಟು ಹೆಚ್ಚಾದರೆ ಯಂತ್ರ ಫೇಲು, ಕಂಪನಿಗೆ ವಾಪಸ್. ಪಟ್ಟಿಯಲ್ಲಿದ್ದದ್ದು ಪುಸ್ತಕದ ಕನ್ನಡ: ಮನೆ, ಶಾಲೆ, ಎಲೆ, ತಲೆ.

ಯಲಬುರ್ಗಾದಲ್ಲಿ ಒಂದು ದಿನ ಮಂಗಳೂರಿನಿಂದ ಒಬ್ಬಾಕೆ ಬಂದಳು. ನಮ್ಮ ಮಗ್ಗುಲಿನ ಮಂಗಳೂರು, ಕಡಲಿನದಲ್ಲ. ಬಾಲವಾಡಿಯಲ್ಲಿ ಆಯಾ. ಮಕ್ಕಳು ಅತ್ತರೂ ಅವಳಿಗೆ ಕೇಳಿಸುವುದಿಲ್ಲವೆಂದು ದೂರು ಹೋಗಿತ್ತು. ಯಂತ್ರ ಹಾಕಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಕೆಲಸ ಬಿಡಬೇಕು ಎಂದಿದ್ದರಂತೆ. ಅವಳ ಯಂತ್ರವನ್ನು ಅವನೇ ಪರೀಕ್ಷಿಸಿದ. ಹಾಳೆಯ ತುಂಬ ಟಿಕ್. ಅವಳು ಅವನ ಎರಡೂ ಕೈ ಹಿಡಿದುಕೊಂಡು ನಗುತ್ತಿದ್ದಳು. ಮರುಪರೀಕ್ಷೆ ಮಾಡುತ್ತೇನೆಂದು ನಾನು ಎದ್ದೆ. ಆ ನಗು ಸಹಿಸಲಾಗಲಿಲ್ಲ ಎನ್ನುವುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ.

“ಮನೆ” ಎಂದೆ.

“ಮನಿ” ಎಂದಳು.

“ಶಾಲೆ.”

“ಸಾಲಿ.”

ಎರಡಕ್ಕೂ ಗೀಟು. ಎಲಿ ಎಂದಳು, ತಲಿ ಎಂದಳು. ಅವಕ್ಕೂ ಗೀಟು.

ಅವನು ಹಾಳೆ ಇಣುಕಿ ನೋಡಿದ. “ಅಕ್ಕಾರ, ಅದು ಆಕಿ ಬಾಯಿರಿ, ಕಿವಿ ಅಲ್ಲ. ಮಷಿನ್ ಛಲೋ ಐತಿ.”

ಸುತ್ತ ನಿಂತವರಲ್ಲಿ ಕಿವಿ ಕೇಳುವವರೆಲ್ಲ ನಕ್ಕರು. ಯಂತ್ರದಲ್ಲಿ ಕೇಳಿಸಿಕೊಂಡು ಅವಳೂ ನಕ್ಕಳು.

ನಾನೂ ಕುಷ್ಟಗಿಯವಳೇ. ಮನೆಯಲ್ಲಿ ನಾನೂ ಮನಿ, ಸಾಲಿ ಎನ್ನುವವಳೇ. ಅವನ ಮಾತು ಸರಿಯೆಂದು ಆ ಗಳಿಗೆಯಲ್ಲೇ ಗೊತ್ತಿತ್ತು. ಅವನೇ ಸರಿ ಎನ್ನುವುದೇ ನನಗೆ ಬೇಡವಾಗಿತ್ತು. “ಪಟ್ಟ್ಯಾಗ ಇದ್ದಂಗ ಹೇಳಬೇಕು. ರೂಲ್ ಅಂದ್ರ ರೂಲ್” ಎಂದು ಅವಳ ಕಿವಿಯಿಂದ ವೈರು ತೆಗೆದೆ.

“ಬಾಯಾರ, ನನಗ ಕೇಳಾಕತ್ತಿತ್ತಲ್ರಿ” ಎಂದಳು.

ಫೇಲು ಎಂದು ಬರೆದು ಸಹಿ ಮಾಡಿದೆ. ಅಂದು ಬೇರೆ ಡಬ್ಬಿ ಉಳಿದಿರಲಿಲ್ಲ. ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ಅವನು ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತ. ಗೆದ್ದೆ ಎಂದುಕೊಂಡೆ.

ಮೂರು ತಿಂಗಳಿಗೆ ಡಬ್ಬಿ ತಿರುಗಿ ಬಂತು, ‘ದೋಷವಿಲ್ಲ’ ಎಂಬ ಚೀಟಿಯೊಂದಿಗೆ. ಅವನು ಓದಿ ನನ್ನ ಮೇಜಿನ ಮೇಲಿಟ್ಟ. “ನೀವ ಫೇಲ್ ಮಾಡೀರಿ, ನೀವ ಕೊಟ್ಟು ಬರ್ರಿ” ಎಂದ.

ಮಂಗಳೂರಿಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಾಲವಾಡಿಗೆ ಬೇರೊಬ್ಬಳು ಬಂದು ಎರಡು ತಿಂಗಳಾಯಿತೆಂದು ಸೊಸೆ ಹೇಳಿದಳು. ನಾನು ತಲೆ ತಗ್ಗಿಸಿ ಚೀಲದಿಂದ ಡಬ್ಬಿ ತೆಗೆದೆ. ಅದನ್ನು ಕಂಡದ್ದೇ ಅವಳು ಶೇಂಗಾ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ನಾನಿನ್ನೂ ಡಬ್ಬಿಗೆ ಸೆಲ್ ಹಾಕಿರಲಿಲ್ಲ.

“ಮನೆ” ಎಂದಳು. “ಶಾಲೆ. ಎಲೆ. ತಲೆ.”

ಒಂದೂ ತಪ್ಪಿರಲಿಲ್ಲ.

“ತಾ ತಪ್ಪು ಹೇಳಿದ್ದಕ್ಕ ಮಷಿನ್ ಕಸಗೊಂಡ್ರು ಅಂತ ತಿಳ್ಕೊಂಡಾಳ್ರಿ. ನಮ್ಮ ಹುಡುಗರು ಸಾಲಿ ಪುಸ್ತಕ ಓದೂ ಮುಂದ ಅವರ ಬಾಯಿ ನೋಡಿ ನೋಡಿ ಪುಸ್ತಕದಾಗಿನ ಮಾತು ಕಲ್ತಾಳ” ಎಂದಳು ಸೊಸೆ.

ಸೆಲ್ ಹಾಕಿದೆ. ವೈರನ್ನು ಅವಳ ಕಿವಿಗೆ ಹಚ್ಚಿ, ಪಟ್ಟಿ ತೆಗೆಯದೆ, “ಕೇಳ್ತೈತೇನ್ರಿ?” ಎಂದೆ. ಕೇಳಿಸಿತು. ಅವಳ ಮುಖ ಅರಳಿತು. ನನ್ನನ್ನು ದಾಟಿ ದಾರಿಯ ಕಡೆ ನೋಡಿ, “ಅಂವ ಬರಲಿಲ್ಲೇನ್ರಿ?” ಎಂದು ಕೇಳಿದಳು.

ಅವಳ ಕೆಲಸ ಕಳೆದವಳು ನಾನು. ಅಷ್ಟಾದ ಮೇಲೂ ಆ ಮಾತಿಗೆ ನನ್ನ ಹೊಟ್ಟೆ ಉರಿಯಿತು.