ಕಿಂಡಿ ಕಾಯುವ ಕಿಟಕಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕಲ್ಲುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕೂತಿದೆ. ಮೂಲೆಮನೆಯ ಗೋಡೆಗೆ ಗಿಡ್ಡ ಏಣಿ ಒರಗಿಸಿ, ಐವತ್ತು ದಾಟಿದ ಹೆಂಗಸೊಬ್ಬರು ಕಿಟಕಿ ಚೌಕಟ್ಟಿನ ನೆತ್ತಿಗೆ ಕೈ ಹಾಕಿದ್ದಾರೆ. ಅಲ್ಲೊಂದು ಬೆರಳಗಲದ ಉದ್ದನೆಯ ಕಿಂಡಿ. ಮನೆಯವರು ಅದಕ್ಕೆ ಹಳೆಯ ಕಾಲುಚೀಲ ತುರುಕಿದ್ದಾರೆ. ತುದಿ ಬಾಗಿಸಿದ ತಂತಿಯಿಂದ ಆಕೆ ಅದನ್ನು ಹೊರಗೆಳೆದು ಗಾಜು ಬಡಿಯುತ್ತಾರೆ.

"ಯಾರದು? ಮತ್ತೆ ನೀನೇನಾ?" ಒಳಗಿನಿಂದ ನಿವೃತ್ತ ಬಸ್ ಕಂಡಕ್ಟರರ ದನಿ. "ಬೆಳಗಾದ್ರೆ ಸಾಕು, ಬಾವಲಿ ಹಾಗೆ ಕಿಟಕಿಗೆ ಜೋತುಬೀಳ್ತೀಯಲ್ಲ ತಾಯಿ."

"ನಾನೇ ಯಜಮಾನ್ರೇ. ನಿಮ್ಮ ಕಾಲುಚೀಲ ಹೊಸ್ತಿಲ ಮೇಲಿಟ್ಟಿದೀನಿ. ಒಗೆದು ಕಾಲಿಗೆ ಹಾಕ್ಕೊಳ್ಳಿ."

"ಬಿಗಿ ಕಿಟಕಿ ಹಾಕಿಸಿದ್ದು ಚಳಿ ಬರಬಾರದು ಅಂತ. ನೀನೇ ಹಾಕಿ, ನೀನೇ ತೂತು ಕೊರೆದು, ನೀನೇ ಕಾವಲು ನಿಂತ್ರೆ ಹೇಗೆ?"

ಆಕೆ ಏಣಿ ಹೆಗಲಿಗೇರಿಸಿ ಮುಂದಿನ ಮನೆಗೆ ನಡೆಯುತ್ತಾರೆ. ಬೈಗುಳ ಸಿಕ್ಕಿತು, ಅಲ್ಲಿಗೆ ಆ ಮನೆಯ ಕೆಲಸ ಮುಗಿಯಿತು.

ಇಡೀ ಬಡಾವಣೆಗೆ ಅವರು ಕಿಟಕಿಯಕ್ಕ. ಕೊಳೆತ ಹಳೆಯ ಕಿಟಕಿಗಳನ್ನು ಕಿತ್ತು, ಚಳಿ ಒಳಗೆ ಬಿಡದ, ಬಿಸಿ ಹೊರಗೆ ಬಿಡದ ಹೊಸವನ್ನು ಕೂರಿಸುವುದು ಅವರ ಕಸುಬು. ದಿನಕ್ಕೆ ಎರಡು, ಗೋಡೆ ಹೇಳಿದ ಮಾತು ಕೇಳಿದರೆ ಮೂರು. ಗಾಜು ಹೊತ್ತು ಹೊತ್ತು ಬಲಭುಜ ಇಳಿದುಬಿಟ್ಟಿದೆ. ಒಂದು ಹೆಬ್ಬೆರಳಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಆದರೂ ಕಿಟಕಿ ಕೊಳ್ಳುವವರು ಅಂಗಡಿಗಿಂತ ಮೊದಲು ಅವರ ಮನೆಬಾಗಿಲಿಗೆ ಬರುತ್ತಾರೆ.

"ಎಲ್ಲರೂ ಗಾಜು ತಟ್ಟಿ ನೋಡ್ತಾರೆ, ಕಲ್ಲಂಗಡಿ ತಟ್ಟಿದ ಹಾಗೆ," ಎಂದು ಅವರು ನಗುತ್ತಾರೆ. "ಎರಡು ಪದರ ಗಾಜು, ನಡುವೆ ಒಣ ಗಾಳಿ, ಅದಿರಲಿ. ಆದ್ರೆ ಚೌಕಟ್ಟಿನ ಮೂಲೆ ಸವರಿ ನೋಡಿ. ಕೂಡಿದ ಕಡೆ ಉಗುರು ಸಿಕ್ಕಿಕೊಂಡ್ರೆ ಬಿಟ್ಟುಬಿಡಿ. ಅಂಚಿನ ರಬ್ಬರು ಒತ್ತಿ ನೋಡಿ, ಒತ್ತಿದ್ದು ಮತ್ತೆ ಎದ್ದು ಬರಬೇಕು. ಆಮೇಲೆ ನೆತ್ತಿಯಲ್ಲಿ ಕಿಂಡಿ ಇದೆಯಾ ಕೇಳಿ. ಇಲ್ಲ ಅಂದ್ರೆ ನಾನು ಕೊರೆದೇ ಕೂರಿಸೋದು. ಬೇಡ ಅಂದವರ ಮನೆಗೆ ಹೋಗಲ್ಲ."

ಈ ಹಟದಿಂದ ಕೈತಪ್ಪಿದ ಮನೆಗಳು ಬಹಳ. ಹಟದ ಹಿಂದೆ ಒಂದು ಸಾವಿದೆ.

ಕಸುಬು ಅವರಿಗೆ ಗಂಡನಿಂದ ಬಂದದ್ದು. ಆತ ಹೆಸರಾಂತ ಮೇಸ್ತ್ರಿ. ಕಿಟಕಿ ಕೂರಿಸಿದ ಮೇಲೆ ಅದರ ಮುಂದೆ ಮೋಂಬತ್ತಿ ಹಚ್ಚಿ ಮನೆಯವರನ್ನೆಲ್ಲ ಕರೆಯುವುದು ಈ ಕಸುಬಿನವರ ಪದ್ಧತಿ. ಹೊರಗೆ ಗಾಳಿ ಬೀಸುತ್ತಿದ್ದರೂ ಜ್ವಾಲೆ ಅಲುಗದಿದ್ದರೆ ಕೆಲಸ ಗೆದ್ದಂತೆ. ಮೇಸ್ತ್ರಿ ತನ್ನ ತಾಯಿಯ ಕೋಣೆಗೆ ಹೊಸ ಕಿಟಕಿ ಹಾಕಿದ ದಿನ ಜ್ವಾಲೆ ಚಿತ್ರದಲ್ಲಿ ಬರೆದಂತೆ ನಿಂತಿತ್ತು. ತಾಯಿ ಮಗನ ಬೆನ್ನು ಸವರಿ, ಪ್ರತಿ ಚಳಿಗಾಲದ ಹಾಗೆ ಇದ್ದಿಲ ಒಲೆಯನ್ನು ಮಂಚದ ಹತ್ತಿರ ಎಳೆದುಕೊಂಡು ಮಲಗಿದರು. ಮತ್ತೆ ಏಳಲಿಲ್ಲ.

"ಹಳೇ ಕಿಟಕಿ ಬಿರುಕೇ ಕೆಂಡದ ವಿಷಗಾಳಿನ ಹೊರಗೆ ಬಿಟ್ಟು ಅಷ್ಟು ವರ್ಷ ಅತ್ತೆಯ ಜೀವ ಹಿಡಿದಿತ್ತು," ಎನ್ನುತ್ತಾರೆ ಕಿಟಕಿಯಕ್ಕ. "ಅದನ್ನ ನಾವು ತಪ್ಪು ಅಂತ ತಿಳಿದು ಮುಚ್ಚಿದ್ವಿ."

ಮೇಸ್ತ್ರಿ ಅಂದಿನಿಂದ ಉಳಿ ಮುಟ್ಟಿಲ್ಲ. ಮನೆಯ ಕಿಟಕಿಗಳನ್ನು ಪೂರ್ತಿ ತೆರೆದಿಟ್ಟು, ಕಂಬಳಿ ಹೊದ್ದು ಕೂರುತ್ತಾರೆ. ಮುಚ್ಚಹೋದರೆ ಮಗುವಿನ ಹಾಗೆ ನಡುಗುತ್ತಾರೆ. ಉಪಕರಣದ ಚೀಲ ಹೆಂಡತಿಯ ಹೆಗಲಿಗೆ ಬಂದಿದೆ.

ಈ ಚಳಿಗಾಲ ಅವರ ನಿದ್ದೆ ಕೆಡಿಸಿರುವುದು ಒಂದು ನೆಲಮಾಳಿಗೆಯ ಕೋಣೆ. ಅಲ್ಲಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ದುಡಿಯುವ ಎಳೆಯ ತಾಯಿ, ಎದೆಹಾಲು ಕುಡಿಯುವ ಕೂಸು. ಬಿಸಿಗೆ ಇರುವುದು ಇದ್ದಿಲ ಒಲೆಯೊಂದೇ. ಕಿಂಡಿಯಿದ್ದರೂ ಕೋಣೆಯೊಳಗೆ ಕೆಂಡ ಅಪಾಯವೇ ಎಂದು ಅಕ್ಕ ಹೇಳಿ ಹೇಳಿ ಸೋತಿದ್ದಾರೆ. ತಾಯಿ ಕಿಂಡಿಗೂ ಟವೆಲು ತುರುಕುತ್ತಾಳೆ.

"ಮಗು ಚಳಿಗೆ ಅಳುತ್ತೆ ಅಕ್ಕ. ನಿಮಗೇನು, ಕಿತ್ತು ಹೋಗ್ತೀರಿ."

"ಅಳಲಿ ಕಣೇ. ಚಳಿಯಾದ್ರೆ ಅತ್ತು ನಿನ್ನನ್ನ ಎಬ್ಬಿಸುತ್ತೆ. ಕೆಂಡದ ಗಾಳಿಗೆ ಅಳಲ್ಲ. ಸುಮ್ನೆ ಮಲಗುತ್ತೆ."

ಈ ಮುಂಜಾನೆಯೂ ಅಲ್ಲಿ ಟವೆಲಿದೆ. ಅಕ್ಕ ಅದನ್ನೆಳೆದು ಗಾಜು ಬಡಿಯುತ್ತಾರೆ. ಉತ್ತರವಿಲ್ಲ. ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾರೆ. ಬೈಗುಳವಿಲ್ಲ, ಕೆಮ್ಮಿಲ್ಲ. ತಾವೇ ಕೂರಿಸಿದ, ಒಂದು ಗೀರೂ ಇಲ್ಲದ ಕಿಟಕಿ ಅದು. ಸುತ್ತಿಗೆ ತಿರುಗಿಸಿ ಎರಡೂ ಪದರವನ್ನು ಒಡೆಯುತ್ತಾರೆ. ಅಂಚಿನ ಚೂರುಗಳ ನಡುವೆ ಕೈತೂರಿಸಿ ಅಗುಳಿ ತೆಗೆದು ಒಳಗಿಳಿಯುತ್ತಾರೆ.

ಮೊದಲು ಕೂಸು ಹೊರಬರುತ್ತದೆ. ಆಮೇಲೆ ತಾಯಿಯನ್ನು ಕಂಕುಳಿಗೆ ಕೈಕೊಟ್ಟು ಎಳೆಯುತ್ತಾರೆ. ಆಕೆ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಳ್ಳುತ್ತಾಳೆ. ಕೂಸು ಅಕ್ಕನ ತೊಡೆಯ ಮೇಲೆ ಬಟ್ಟೆಯ ಗಂಟಿನಂತೆ ಬಿದ್ದಿದೆ. ಅವರು ಅದರ ಅಂಗಾಲು ಉಜ್ಜುತ್ತಾರೆ, ಬೆನ್ನು ಉಜ್ಜುತ್ತಾರೆ. ಕೊನೆಗೊಮ್ಮೆ ಅದು ಮುಖ ಕಿವುಚಿ, ಬೀದಿಯೆಲ್ಲ ಏಳುವಂತೆ ಅಳುತ್ತದೆ. ಅಕ್ಕಪಕ್ಕದವರು ಇಬ್ಬರನ್ನೂ ಆಸ್ಪತ್ರೆಗೆ ಒಯ್ಯುತ್ತಾರೆ.

ಮನೆಯಲ್ಲಿ ಮೇಸ್ತ್ರಿ ಹೆಂಡತಿಯ ಕೈಯ ಗಾಯ ನೋಡುತ್ತಾರೆ. ಸುದ್ದಿ ಅಷ್ಟರಲ್ಲೇ ಅವರಿಗೆ ಮುಟ್ಟಿದೆ. "ಮಗು ಅತ್ತಿತಾ?" ಎಂದು ಕೇಳುತ್ತಾರೆ.

"ಅತ್ತಿತು. ಜೋರಾಗೇ ಅತ್ತಿತು."

ಮಧ್ಯಾಹ್ನ ಆಸ್ಪತ್ರೆಯಲ್ಲಿ ಕೂಸು ಹಾಲು ಕುಡಿಯುತ್ತದೆ. ಎಚ್ಚರವಾದ ತಾಯಿ ಅಕ್ಕನನ್ನು ಕಂಡದ್ದೇ ತಡ, ಗಂಟಲು ಹರಿಯುವಂತೆ ಜಗಳಕ್ಕಿಳಿಯುತ್ತಾಳೆ. ಗಾಜು ಒಡೆದರೆ ಇವತ್ತು ಎಲ್ಲಿ ಮಲಗುವುದು, ಕೂಸನ್ನು ಎಲ್ಲಿ ಮಲಗಿಸುವುದು, ನಿಮಗೆ ಕರುಣೆ ಇದೆಯೇ. ಅಕ್ಕ ಹೂಂಗುಟ್ಟುತ್ತಾ ಹಾಸಿಗೆಯ ಪಕ್ಕದಲ್ಲಿ ಕೂತು ಕೇಳುತ್ತಾರೆ. ಗಾಜು ಬರುವವರೆಗೆ ಇಬ್ಬರಿಗೂ ತಮ್ಮ ಅಡುಗೆಮನೆಯಲ್ಲಿ ಜಾಗ ಎನ್ನುತ್ತಾರೆ.

ಇಷ್ಟಕ್ಕೆ ಪ್ರತಿಯಾಗಿ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಅವರು ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳುತ್ತಾರೆ:

"ಯಾರೂ ಹೊಗಳೋದು ಬೇಡ. ನಾನು ಬಡಿದಾಗ ಪ್ರತಿ ಮನೆಯಿಂದ ಒಂದೊಂದು ಬೈಗುಳ ಬರಲಿ, ಸಾಕು. ಬೈಯೋಕೆ ಉಸಿರು ಬೇಕಲ್ಲ."