ಕೃಷ್ಣಯ್ಯ ಮೇಷ್ಟ್ರು ಬರೆದುಕೊಟ್ಟ ಕಾಗದ

ನನಗೆ ಬಾಯಿ ಜೋರು. ಯಲಹಂಕದ ನಮ್ಮ ಕಾಲೇಜಿನಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿ ನೋಡುವವಳು ನಾನು. ಗಂಗರತ್ನಮ್ಮ ಕೂತಿದ್ದಾಳೆ ಅಂದರೆ ಹುಡುಗರು ಕಿಟಕಿಗೆ ಬರುವ ಮುಂಚೆಯೇ ಹೆದರುತ್ತಾರೆ. ಹೆದರಲಿ ಬಿಡಿ. ಒಂದು ಕಾಗದ ಕಮ್ಮಿಯಾದರೂ ಅರ್ಜಿ ವಾಪಸ್ ಬರುತ್ತದೆ, ಆಮೇಲೆ ಅಳುವವರು ಇವರೇ. ಆದರೆ ಇಷ್ಟು ವರ್ಷದಲ್ಲಿ ಒಬ್ಬರ ಮುಂದೆ ಮಾತ್ರ ನನ್ನ ಬಾಯಿ ಕಟ್ಟಿಹೋಯಿತು.

ಅವರು ಕೃಷ್ಣಯ್ಯ ಮೇಷ್ಟ್ರು. ಸರ್ಕಾರಿ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತರಾದವರು. ಯಲಹಂಕದ ಪಕ್ಕದಲ್ಲೇ ಇರುವ ಸಿಂಗಾಪುರ ಎಂಬ ಹಳ್ಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ. "ತಂಗೀರ ಮದ್ವೆ ಮುಗ್ಸೋ ಹೊತ್ಗೆ ನಂಗೆ ವಯಸ್ಸಾಗೋಗಿತ್ತಮ್ಮ" ಎಂದರು. ತಾವೇ ಅನ್ನಕ್ಕಿಟ್ಟುಕೊಳ್ಳುತ್ತಾರೆ, ಸಂಜೆ ಪುಟ್ಟೇನಹಳ್ಳಿ ಕೆರೆಯವರೆಗೆ ನಡೆದು ಬರುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲವು ದಿನ ಹಾಲಿನವನ ಜೊತೆ ಆಡಿದ್ದು ಬಿಟ್ಟರೆ ಬೇರೆ ಮಾತೇ ಇರುವುದಿಲ್ಲವಂತೆ.

ಅವರ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಸುಮಾ ಎಂಬ ಹುಡುಗಿಯ ಅರ್ಜಿಯಲ್ಲಿ. ಹೋದ ವರ್ಷ ಬಿ.ಕಾಂ. ಸೇರಿದ್ದಳು. ತಾಯಿ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಇಟ್ಟಿಗೆ ಹೊರುತ್ತಿದ್ದವಳು, ಕಾಮಾಲೆಯಾಗಿ ತೀರಿಕೊಂಡಿದ್ದಳು. ಹುಡುಗಿಗೆ ಜನನ ಪ್ರಮಾಣಪತ್ರ ಇಲ್ಲ, ರೇಷನ್ ಕಾರ್ಡ್ ಇಲ್ಲ, ತಾಯಿಯದೊಂದು ಫೋಟೊ ಕೂಡ ಇಲ್ಲ. ಇದ್ದದ್ದು ಶಾಲೆಯ ಟಿ.ಸಿ. ಒಂದೇ. ಅದರಲ್ಲಿ ತಂದೆಯ ಹೆಸರು ಕೃಷ್ಣಯ್ಯ ಎಂದಿತ್ತು.

"ಎಲ್ಲೇ ನಿಮ್ಮಪ್ಪನ ಇನ್‌ಕಮ್ ಸರ್ಟಿಫಿಕೇಟು?"

"ಅವ್ರು ನಮ್ಮಪ್ಪ ಅಲ್ಲ ಮೇಡಂ. ನಮ್ ಮೇಷ್ಟ್ರು."

"ಏನು, ತಮಾಷೆ ಮಾಡ್ತಿದ್ದೀಯಾ?" ಎಂದು ರೇಗಿದೆ.

ಮರುದಿನ ಮೇಷ್ಟ್ರೇ ಬಂದರು. "ಸ್ಕೂಲಿಗೆ ಸೇರಿಸ್ಕೊಳ್ವಾಗ ಅಪ್ಪನ ಹೆಸ್ರೇನಮ್ಮ ಅಂದೆ. ಇವಳ ತಾಯಿ ನೆಲ ನೋಡ್ಕೊಂಡು ನಿಂತ್ಬಿಟ್ಲು. ಹಿಂದೆ ಹತ್ತು ಜನ ಕೇಳಿಸ್ಕೊಳ್ತಾ ಇದ್ರು. ನಂಗೆ ತಡೀಲಿಲ್ಲ, ನನ್ ಹೆಸ್ರೇ ಬರೆದ್ಬಿಟ್ಟೆ. ಹುಟ್ಟಿದ ದಿನಾನೂ ನಾನೇ ಬರೆದಿದ್ದು, ಜೂನ್ ಒಂದು."

ತಾಯಿ ಹೋದ ಮೇಲೆ ಸುಮಾ ಹಾಸ್ಟೆಲ್ ಸೇರಿದಳು. ಪ್ರತಿ ಭಾನುವಾರ ಸಿಂಗಾಪುರಕ್ಕೆ ಹೋಗಿ ಸಾರು ಮಾಡಿಟ್ಟು, ಮೇಷ್ಟ್ರ ಜೊತೆ ಉಂಡು ಬರುತ್ತಿದ್ದಳು. ವಾರದಲ್ಲಿ ಅದೊಂದು ದಿನ ಆ ಮನೆಯಲ್ಲಿ ಎರಡು ತಟ್ಟೆ.

ಮೇಷ್ಟ್ರು ಮೂರು ದಿನ ನಾಡಕಚೇರಿಗೆ ಅಲೆದು ತಮ್ಮ ಆದಾಯದ ಪತ್ರ ತಂದರು. ಪ್ಲಾಸ್ಟಿಕ್ ಕವರಿನಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟರು, ಮುಖದಲ್ಲಿ ಅದೇನು ಸಂಭ್ರಮ! ದಾಖಲೆಯಲ್ಲಿ ಇದ್ದವನೇ ತಂದೆ, ನಮಗೇನು ಎಂದುಕೊಂಡು ನಾನೂ ಅರ್ಜಿ ಕಳಿಸಿದೆ. ತಿರಸ್ಕೃತವಾಗಿ ಬಂತು. ಮೇಷ್ಟ್ರ ಪೆನ್ಷನ್ ಮಿತಿಗಿಂತ ಜಾಸ್ತಿ. ಅಷ್ಟು ನೋಡಬೇಕಿತ್ತು, ನನ್ನ ಬುದ್ಧಿಗೆ ಏನು ಬಡಿದಿತ್ತೋ!

ಮೇಲಿನ ಕಚೇರಿಯವರಿಗೆ ಫೋನ್ ಮಾಡಿ ಕಾಡಿದೆ. ಒಂದು ದಾರಿ ಹೇಳಿದರು. ಈ ಹುಡುಗಿ ತನ್ನ ಮಗಳಲ್ಲ ಎಂದು ಮೇಷ್ಟ್ರು ಬರೆದುಕೊಟ್ಟರೆ ಶಾಲೆಯ ದಾಖಲೆಯಿಂದ ಅವರ ಹೆಸರು ತೆಗೆಸಬಹುದು, ಆಗ ತಂದೆತಾಯಿ ಇಲ್ಲದವಳೆಂದು ಅರ್ಜಿ ತೆಗೆದುಕೊಳ್ಳುತ್ತಾರೆ. ಅರ್ಜಿಯ ಗಡುವಿಗೆ ಉಳಿದದ್ದು ಹತ್ತು ದಿನ. ದುಡ್ಡು ಬರದಿದ್ದರೆ ಸುಮಾ ಕಾಲೇಜು ಬಿಟ್ಟು ಗಾರ್ಮೆಂಟ್ಸ್‌ಗೆ ಹೋಗಬೇಕಿತ್ತು. ಫೀಸು ಪೆನ್ಷನ್ನಿನಲ್ಲಿ ಕಟ್ಟುತ್ತೇನೆಂದು ಮೇಷ್ಟ್ರು ಆಗಲೇ ಹಟ ಹಿಡಿದಿದ್ದರು, ಆದರೆ ಅದರ ಮುಕ್ಕಾಲು ಪಾಲು ಬಾಡಿಗೆಗೂ ಮಾತ್ರೆಗೂ ಹೋಗುತ್ತಿತ್ತು.

ಇಬ್ಬರನ್ನೂ ಕರೆಸಿ ವಿಷಯ ಹೇಳಿದೆ. ಮೇಷ್ಟ್ರು ಕೇಳಿದರು.

"ನನ್ ಹೆಸ್ರು ತೆಗುದ್ರೆ ಆ ಜಾಗ್ದಲ್ಲಿ ಏನ್ ಬರೀತಾರಮ್ಮ?"

"ಏನೂ ಬರೆಯಲ್ಲ ಮೇಷ್ಟ್ರೇ. ಖಾಲಿ ಇರುತ್ತೆ."

ಸುಮಾ ಅಳಲು ಶುರುಮಾಡಿದಳು. "ಬೇಡ ಸಾರ್, ಬರೀಬೇಡಿ. ನಾನು ಕೆಲ್ಸಕ್ಕೇ ಹೋಗ್ತೀನಿ. ಹೆಸ್ರು ಇರ್ಲಿ."

"ತಲೆಹರಟೆ ಮಾಡ್ಬೇಡ!" ಮೇಷ್ಟ್ರು ತರಗತಿಯಲ್ಲಿ ಗದರಿದ ಹಾಗೆ ಗದರಿದರು. "ಓದೋದ್ ಬಿಟ್ಟು ಹೆಸ್ರಿಟ್ಕೊಂಡು ಏನ್ ಮಾಡ್ತೀಯ?"

ಪೆನ್ನು ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದರು. ಇವಳು ನನ್ನ ಮಗಳಲ್ಲ, ಇವಳಿಗೂ ನನಗೂ ಯಾವ ಸಂಬಂಧವೂ ಇಲ್ಲ. ರುಜು ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿದರು. ಸುಮಾ ಆ ಕಾಗದ ಓದಿದಳು, ಇಬ್ಬರ ಮುಖವನ್ನೂ ನೋಡದೆ ಹೊರಟುಹೋದಳು.

ಅರ್ಜಿ ಪಾಸಾಯಿತು. ಅವಳು ಭಾನುವಾರ ಹೋಗುವುದು ನಿಂತಿತು. ಸಿಟ್ಟೋ, ಸಂಕೋಚವೋ, ಕೇಳಿದರೆ ತಲೆ ತಗ್ಗಿಸುತ್ತಾಳೆ. ಮೇಷ್ಟ್ರಿಗಂತೂ ಅವಳ ಹಾಸ್ಟೆಲ್ ಬಾಗಿಲಿಗೆ ಹೋಗಿ ನಿಲ್ಲುವ ಧೈರ್ಯವಿಲ್ಲ.

ಈಚೆಗೆ ಒಂದು ದಿನ ಕಿಟಕಿಯಲ್ಲಿ ನೂಕುನುಗ್ಗಲು. ತಲೆ ಎತ್ತದೆ ಒಬ್ಬೊಬ್ಬರನ್ನೇ ಸಾಗಹಾಕುತ್ತಿದ್ದೆ. ಯಾರೋ ಮೆಲ್ಲಗೆ, "ಬಿ.ಕಾಂ. ಸುಮಾಗೆ ದುಡ್ ಬಂತಾಮ್ಮ?" ಎಂದರು.

"ಹಂಗೆಲ್ಲ ಕಂಡೋರಿಗೆ ಹೇಳಲ್ಲ ಕಣ್ರೀ. ನೀವು ಅವಳಿಗೆ ಏನಾಗ್ಬೇಕು?" ಎಂದೆ, ಎಲ್ಲರಿಗೂ ಅನ್ನುವ ಹಾಗೆ.

ಮುಂದಿನ ಅರ್ಜಿಗೆ ಕೈ ಚಾಚುತ್ತ ತಲೆ ಎತ್ತಿದೆ. ಮೇಷ್ಟ್ರು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು.

"ಏನೂ ಆಗ್ಬೇಕಿಲ್ಲಮ್ಮ" ಎಂದರು. "ನಿಮ್ಗೇ ಬರ್ದು ಕೊಟ್ಟಿದ್ದೀನಲ್ಲ."